ದೋಷ ಕಂಡುಬಂದಿಲ್ಲ

ಅವನು ಅವಳೊಂದಿಗೆ ಆಡಿದ ಮೊದಲ ಮಾತೇ, "ಮೇಡಂ, ನಿಮ್ಮ ತೂಕ ಎಷ್ಟು?"

ಕಣ್ಣಾಸ್ಪತ್ರೆಯ ನೆಲಮಾಳಿಗೆಯಲ್ಲಿ, ಸರ್ವರ್ ರೂಮಿನ ಬಾಗಿಲಿಗೆ ಕೈ ಕೊಟ್ಟು ನಿಂತಿದ್ದ ಅವಳಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. ಮೂವತ್ತೈದು ವರ್ಷದ ಬಾಳಿನಲ್ಲಿ ವಯಸ್ಸು ಕೇಳಿದವರಿದ್ದರು, ಸಂಬಳ ಕೇಳಿದವರಿದ್ದರು, ಇನ್ನೂ ಯಾಕೆ ಮದುವೆಯಾಗಿಲ್ಲ ಎಂದು ಕೇಳಿದವರಿಗಂತೂ ಲೆಕ್ಕವಿರಲಿಲ್ಲ. ತೂಕ ಕೇಳಿದವನು ಇವನೊಬ್ಬನೇ.

"ನಿಮಗ್ಯಾಕೆ ಅದು?"

"ಲೆಕ್ಕಕ್ಕೆ ಬೇಕಿತ್ತು."

"ಯಾವ ಲೆಕ್ಕಕ್ಕೆ?"

ಕುಕ್ಕರಗಾಲಲ್ಲಿ ಕೂತು ನೆಲವನ್ನು ಬೆರಳ ಗಿಣ್ಣಿನಿಂದ ತಟ್ಟಿ ನೋಡುತ್ತಿದ್ದವನು ತಲೆಯೆತ್ತಿದ. "ಈ ನೆಲ ಟೊಳ್ಳು ಮೇಡಂ. ಹಾಸಿನ ಕೆಳಗೆ ಬರೀ ಗಾಳಿ, ಕೇಬಲ್ಲು. ಒಂದೊಂದು ಹಾಸು ಇಷ್ಟೇ ಭಾರ ತಡೆಯುತ್ತೆ ಅಂತ ಇರುತ್ತೆ. ಯಂತ್ರ ಕೂರಿಸೋ ಕಬ್ಬಿಣದ ರ‍್ಯಾಕು ನಿಲ್ಲಿಸೋವಾಗ ನಾನೂ ನೀವೂ ಅದರ ಪಕ್ಕದಲ್ಲೇ ಇರ್ತೀವಿ. ರ‍್ಯಾಕಿನ ತೂಕ ಗೊತ್ತು, ನನ್ನ ತೂಕ ಗೊತ್ತು. ನಿಮ್ಮದು ಗೊತ್ತಿಲ್ಲ."

"ಅಂದಾಜು ಹಾಕ್ಕೊಳ್ಳಿ."

"ಹಾಕೋಣ ಅಂದ್ರೆ ಆ ಸ್ವೆಟರ್ ಬಿಡ್ತಿಲ್ಲ," ಎಂದವನು, ಹೇಳಿದ್ದೇನೆಂದು ತಡವಾಗಿ ಹೊಳೆದು, ಕಿವಿಯವರೆಗೆ ಕೆಂಪಾದ.

"ಅರವತ್ತೆರಡು," ಎಂದಳು ಅವಳು, ಹಲ್ಲು ಕಚ್ಚಿ. "ಯಾರ ಹತ್ರಾನಾದ್ರೂ ಬಾಯಿಬಿಟ್ರೆ ನೋಡಿ."

ಅವನು ಚೀಟಿಯಲ್ಲಿ ಅರವತ್ತೈದು ಎಂದು ಬರೆದ.

"ಅರವತ್ತೆರಡು ಅಂದೆ!"

"ಸ್ವೆಟರಿಗೆ ಮೂರು."

ಆ ಸ್ವೆಟರಿನಿಂದಲೇ ಆಸ್ಪತ್ರೆಯಲ್ಲಿ ಅವಳ ಹೆಸರು ಮರೆತುಹೋಗಿತ್ತು. ಹೊರಗೆ ಡಾಂಬರು ಕರಗುವಂಥ ಬಿಸಿಲಿದ್ದರೂ ಸರ್ವರ್ ರೂಮಿನಲ್ಲಿ ಚಳಿ ಇರಲೇಬೇಕು. ಹಾಗಾಗಿ ಅವಳು ಹನ್ನೆರಡು ತಿಂಗಳೂ ಬೂದು ಬಣ್ಣದ ಸ್ವೆಟರ್ ತೊಟ್ಟೇ ಇರುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ಸ್ವೆಟರ್ ಮೇಡಂ. ಮೇಲಿನ ಮೂರು ಮಹಡಿಗಳಲ್ಲಿ ತೆಗೆದ ಪ್ರತಿ ಕಣ್ಣಿನ ಚಿತ್ರವೂ ಕೆಳಗೆ ಅವಳ ಯಂತ್ರಗಳೊಳಗೆ ಬಂದು ಕೂರುತ್ತಿತ್ತು. ಹಳೆಯ ಯಂತ್ರಗಳು ಏದುಸಿರು ಬಿಡತೊಡಗಿದ್ದರಿಂದ ಹೊಸದನ್ನು ಕೂರಿಸಲು ಕಂಪನಿಯವರು ಈ ಮನುಷ್ಯನನ್ನು ಕಳಿಸಿದ್ದರು.

ಅವನಿಗೂ ಎರಡೇ ದಿನದಲ್ಲಿ ಹೆಸರು ಬಿತ್ತು. ಪೆಟ್ಟಿಗೆಗಳನ್ನು ಲಿಫ್ಟಿನಿಂದ ತಳ್ಳಿಕೊಂಡು ಬರಲು ನೆರವಾದ ಸ್ಟ್ರೆಚರಿನವರಿಗೆ ಅವನು ಹೆಜ್ಜೆಗೊಮ್ಮೆ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದ. "ಪೇಷೆಂಟ್ ತಳ್ಳೋವಾಗಲೂ ನಮಗೆ ಯಾರೂ ಇಷ್ಟು ಹೇಳಿಲ್ಲಪ್ಪ," ಎಂದು ಅವರು ಗೊಣಗಿ, ಅವನನ್ನು ಮೆಲ್ಲಗೆ ಸಾರ್ ಮಾಡಿಬಿಟ್ಟರು.

ಮೊದಲ ದಿನವೆಲ್ಲ ಅವನು ನೆಲ ಮಟ್ಟವಿದೆಯೇ ಎಂದು ನೋಡುವುದರಲ್ಲೇ ಕಳೆದ. ಎರಡನೆಯ ದಿನ ಖಾಲಿ ರ‍್ಯಾಕನ್ನು ನಿಲ್ಲಿಸಿ, ಅದರ ಬುಡದಿಂದ ಕಬ್ಬಿಣದ ಕಾಲೊಂದನ್ನು ಮುಂದಕ್ಕೆ ಎಳೆದು ಚಾಚಿದ. "ಇದನ್ನ ಯಾವತ್ತೂ ಒಳಗೆ ತಳ್ಳಬಾರದು. ಯಂತ್ರ ಮುಂದಕ್ಕೆ ಎಳೆದಾಗ ರ‍್ಯಾಕು ಮುಗ್ಗರಿಸದ ಹಾಗೆ ತಡೆಯೋದು ಇದೇ," ಎಂದ. ಮೂರನೆಯ ದಿನ ಎಲ್ಲಕ್ಕಿಂತ ಭಾರದ ಬ್ಯಾಟರಿ ಪೆಟ್ಟಿಗೆಯನ್ನು ತಳದಲ್ಲಿಟ್ಟ. ನಾಲ್ಕನೆಯ ದಿನ ಮೊದಲ ಸರ್ವರ್ ಎತ್ತಬೇಕಾಯಿತು.

"ಒಬ್ಬರೇ ಎತ್ತಬಾರದು," ಎಂದ ಅವನು. "ನೀವು ಆ ಕಡೆ ಹಿಡೀರಿ. ಜೇಬಲ್ಲಿರೋದೆಲ್ಲ ಮೇಜಿನ ಮೇಲಿಡಿ, ಫೋನೂ ಸೇರಿ. ಮಂಡಿ ಬಗ್ಗಿಸಿ, ಬೆನ್ನು ಬಗ್ಗಿಸಬೇಡಿ. ನಾನು ಮೂರು ಅಂದಾಗ ಎತ್ತಬೇಕು."

"ಮೂರು ಅಂದಾಗಲಾ, ಅಂದ ಮೇಲಾ?"

"ಅಂದಾಗ."

ಒಂದು, ಎರಡು. ಇಬ್ಬರೂ ಮಂಡಿ ಬಗ್ಗಿಸಿ ಎದುರುಬದುರು ಕೂತಿದ್ದರು. ನಡುವೆ ಮೊಳದಗಲದ ಉಕ್ಕಿನ ಪೆಟ್ಟಿಗೆ. ಅವನ ಹುಬ್ಬಿನಲ್ಲಿ ಒಂದು ಬಿಳಿ ಕೂದಲಿತ್ತು, ಒಂದೇ ಒಂದು. ಅವಳು ಅದನ್ನೇ ನೋಡುತ್ತ ಉಳಿದು, "ಮೂರು" ಕೇಳಿಸಿಕೊಳ್ಳಲೇ ಇಲ್ಲ.

"ಮೇಡಂ?"

"ಇನ್ನೊಂದ್ಸಲ ಎಣಿಸಿ."

ಅವನು ಯಾಕೆಂದು ಕೇಳದೆ ಮತ್ತೆ ಒಂದರಿಂದ ಎಣಿಸಿದ. ಯಂತ್ರ ರ‍್ಯಾಕಿನೊಳಗಿನ ಹಳಿಯ ಮೇಲೆ ಜಾರಿ, ಎರಡೂ ಪಕ್ಕ ಟಿಕ್ಕೆಂದು ಕಚ್ಚಿಕೊಂಡಿತು. ಆ ಸದ್ದಿಗೆ ಅವನ ಮುಖದಲ್ಲಿ ಅರಳಿದ ನಗೆಯನ್ನು ಕಂಡು ಅವಳಿಗೆ, ಅಯ್ಯೋ, ಇದು ಬೇಡವಾಗಿತ್ತು ಎನಿಸಿತು.

ಅವನ ಎಡಗೈಯ ಕೊನೆಯ ಎರಡು ಬೆರಳು ಮಡಚುತ್ತಿರಲಿಲ್ಲ. ವಾರವಾದ ಮೇಲೆ ಅವಳು ಕೇಳಿಯೇಬಿಟ್ಟಳು.

"ಆರು ವರ್ಷದ ಹಿಂದೆ ಒಬ್ಬನೇ ಎತ್ತಿದೆ. ಹಳಿಗೆ ಸಿಕ್ಕಿಕೊಳ್ತು."

"ಒಬ್ಬರೇ ಯಾಕೆ?"

"ಅವಸರ ಇತ್ತು. ಬೇಗ ಮುಗಿಸಿ ಮನೆಗೆ ಹೋಗಬೇಕು ಅಂತ." ಅವನು ಸ್ಕ್ರೂ ಒಂದನ್ನು ಬಿಗಿ ಮಾಡಿದ, ಸಡಿಲಿಸಿ ಮತ್ತೆ ಬಿಗಿ ಮಾಡಿದ. "ಹೋದೆ. ಮನೇಲಿ ಯಾರೂ ಇರಲಿಲ್ಲ. ಬೀರು ಅರ್ಧ ಖಾಲಿ. ಹೆಂಡತಿಗೂ ಅವಸರವೇ ಇತ್ತು ಅಂತ ಕಾಣ್ಸುತ್ತೆ."

ಅವಳು ತನ್ನ ಕಥೆ ಹೇಳಲಿಲ್ಲ. ಹೇಳಲು ಹೆಚ್ಚೇನೂ ಇರಲಿಲ್ಲ. ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅಕ್ಕನೊಂದಿಗೆ ಕೂತು, ಬರುತ್ತೇನೆಂದಿದ್ದ ಒಬ್ಬನಿಗಾಗಿ ಸಂಜೆ ಐದರವರೆಗೆ ಕಾದಿದ್ದಳು. ಅಂದಿನಿಂದ ಯಾರಿಗಾಗಿಯೂ ಕಾಯುವ ಅಭ್ಯಾಸ ಬಿಟ್ಟಿದ್ದಳು. ಬಸ್ಸಿಗೂ ಕಾಯುತ್ತಿರಲಿಲ್ಲ, ನಡೆದೇ ಹೋಗುತ್ತಿದ್ದಳು.

ಯಂತ್ರದ ಮುಚ್ಚಳ ತೆಗೆಯುವ ದಿನ ಅವನು ಒಂದು ನೀಲಿ ಪಟ್ಟಿಯನ್ನು ಅವಳ ಮಣಿಕಟ್ಟಿಗೆ ಕಟ್ಟಿದ. ಅದರ ತಂತಿಯನ್ನು ರ‍್ಯಾಕಿನ ಉಕ್ಕಿಗೆ ಸಿಕ್ಕಿಸಿದ.

"ನಮ್ಮ ಮೈಯಲ್ಲೂ ಚೂರು ಕರೆಂಟಿರುತ್ತೆ ಮೇಡಂ. ನಮಗೆ ಗೊತ್ತಾಗಲ್ಲ. ಮುಟ್ಟಿದ್ರೆ ಒಳಗಿನ ಚಿಪ್ ಸುಟ್ಟುಹೋಗುತ್ತೆ."

"ನನ್ನಲ್ಲೂ ಇದ್ಯಾ?"

"ಸ್ವೆಟರ್ ಹಾಕೋರಲ್ಲಿ ಇನ್ನೂ ಜಾಸ್ತಿ." ಪಟ್ಟಿ ಸರಿಯಾಗಿ ಅಂಟಿದೆಯೇ ಎಂದು ಅವನ ಹೆಬ್ಬೆರಳು ಅವಳ ನಾಡಿಯ ಮೇಲೆ ಒತ್ತಿ ನೋಡಿತು. ನೋಡುವುದು ಮುಗಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ಅಲ್ಲೇ ಇತ್ತು. ಅವಳ ಎದೆಬಡಿತ ಅವನ ಬೆರಳಿಗೆ ಸಿಕ್ಕಿರಬೇಕು. ಅವಳು ರ‍್ಯಾಕಿನ ಕಡೆ ಮುಖ ತಿರುಗಿಸಿದಳು.

ಮೂರು ವಾರಕ್ಕೆ ಕೆಲಸ ಮುಗಿಯಿತು. ಖಾಲಿ ಉಳಿದ ಜಾಗಗಳಿಗೆ ತಗಡು ಮುಚ್ಚಿ, ಎಲ್ಲಿ ತಣ್ಣನೆಯ ಗಾಳಿ ಒಳಬರುತ್ತದೆ, ಎಲ್ಲಿ ಬಿಸಿಗಾಳಿ ಹೊರಹೋಗುತ್ತದೆ ಎಂದು ತೋರಿಸಿ, ಧೂಳಿನ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಲು ಹೇಳಿ, ಅವನು ಹೊರಟ.

"ಏನಾದ್ರೂ ತೊಂದ್ರೆ ಆದ್ರೆ ಕಂಪನಿಗೆ ಫೋನ್ ಮಾಡಿ. ಒಂದು ವರ್ಷ ನಾನೇ ಬರಬೇಕು."

"ತೊಂದ್ರೆ ಆಗುತ್ತಾ?"

"ಆಗಬಾರದು," ಎಂದ ಅವನು. ಹಾಗೆನ್ನುವಾಗ ಅವನ ದನಿಯಲ್ಲಿ ಹೆಮ್ಮೆಯೇನೂ ಕೇಳಿಸಲಿಲ್ಲ.

ಮರುದಿನದಿಂದ ಸ್ವೆಟರ್ ಮೇಡಂ ದಿನಕ್ಕೆ ನಾಲ್ಕು ಬಾರಿ ರ‍್ಯಾಕಿನ ಮುಂದೆ ನಿಂತು ಹಸಿರು ದೀಪಗಳನ್ನು ನೋಡತೊಡಗಿದಳು. ಹತ್ತು ವರ್ಷ ಯಂತ್ರ ಕೆಡದಿರಲಿ ಎಂದು ಹಂಬಲಿಸಿದವಳು ಈಗ ಒಂದೇ ಒಂದು ದೀಪ ಕೆಂಪಾಗಲಿ ಎಂದು ಹಂಬಲಿಸಿದಳು. ಆಗಲಿಲ್ಲ. ಹಾಳಾದವನು ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿ ಹೋಗಿದ್ದ.

ಇಪ್ಪತ್ತಮೂರನೆಯ ದಿನ ಅವಳ ಕೈಯೇ ಫೋನ್ ಎತ್ತಿಕೊಂಡಿತು, ಅವಳ ಬಾಯೇ ಮಾತಾಡಿತು: ಮೂರನೇ ಫ್ಯಾನು ಸದ್ದು ಮಾಡ್ತಿದೆ.

ಅವನು ಬಂದ. ಜಾಲರಿಗೆ ಕಿವಿಯಿಟ್ಟು ಕೂತ.

"ಯಾವ ಥರದ ಸದ್ದು?"

"ಕಿರ್... ಅಂತ."

"ಕಿರ್ರಾ, ಗಿರ್ರಾ?"

"ಕಿರ್." ಅವಳ ಮುಖ ಕಾದ ಹಂಚಾಗಿತ್ತು.

ಅವನು ಅರ್ಧ ಗಂಟೆ ಆ ಸದ್ದಿಗಾಗಿ ಕಾದ. ಬಳಿಕ ದೂರಿನ ಪುಸ್ತಕದಲ್ಲಿ 'ಪರಿಶೀಲಿಸಲಾಗಿದೆ, ದೋಷ ಕಂಡುಬಂದಿಲ್ಲ' ಎಂದು ಬರೆದು, ಸಹಿ ಹಾಕಿ ಹೋದ.

ಎರಡು ವಾರ ಬಿಟ್ಟು ಅದೇ ಫ್ಯಾನು ಗಿರ್ ಎಂದಿತು. ಇನ್ನೂ ಹತ್ತು ದಿನಕ್ಕೆ ಏನೋ ಸುಟ್ಟ ವಾಸನೆ. ಮೂರನೆಯ ಸಲ ಅವನು ಎರಡು ಗಂಟೆ ಕೂತ. ಮೂಗೆಳೆದು ಎಲ್ಲ ಮೂಲೆಯನ್ನೂ ಮೂಸಿದ. ಪುಸ್ತಕದಲ್ಲಿ ಅದೇ ಸಾಲು ಬರೆಯುತ್ತ, ತಲೆಯೆತ್ತದೆ ಕೇಳಿದ: "ಮುಂದಿನ ಸಲ ಏನು ಕೆಡಬಹುದು ಮೇಡಂ?"

ಅವಳು ಅವನ ಮುಖ ನೋಡಿದಳು. ಗೊತ್ತಾಗಿದೆಯೇ? ತಮಾಷೆಯೇ? ಸಿಟ್ಟೇ? ತುಟಿಯ ಅಂಚಿನಲ್ಲಿ ಏನೋ ಇತ್ತು. ಅದು ನಗೆಯೆಂದು ಖಚಿತ ಮಾಡಿಕೊಳ್ಳುವುದರೊಳಗೆ ಅವನು ಎದ್ದು ಹೋಗಿದ್ದ.

ಮುಂದಿನ ಸೋಮವಾರ ಕಂಪನಿಯ ಸೂಪರ್‌ವೈಸರ್ ಫೋನ್ ಮಾಡಿದ. ಬೆಣ್ಣೆಯಂಥ ದನಿ.

"ತುಂಬಾ ಸಾರಿ ಮೇಡಂ. ಎರಡು ತಿಂಗಳಲ್ಲಿ ಮೂರು ಕಂಪ್ಲೇಂಟು ಅಂದ್ರೆ ಆ ಮನುಷ್ಯ ಕೂರಿಸಿದ್ದರಲ್ಲೇ ಏನೋ ಎಡವಟ್ಟಿದೆ. ಬಂದ್ರೂ ಕಂಡುಹಿಡಿಯೋಕಾಗಿಲ್ಲ. ಗುರುವಾರ ಬಂದು ಪೂರ್ತಿ ಬಿಚ್ಚಿ ನೋಡಿ ರಿಪೋರ್ಟ್ ಕೊಡ್ತಾನೆ. ಅದೇ ಅವನ ಕೊನೇ ಸೈಟು. ಆಮೇಲೆ ಅವನನ್ನ ಕೆಲಸದಿಂದ ತೆಗೀತಾ ಇದ್ದೀವಿ. ಇನ್ಮುಂದೆ ಒಳ್ಳೆಯವರನ್ನೇ ಕಳಿಸ್ತೀವಿ."

"ಅಲ್ಲ, ಅದು... ಅಷ್ಟೇನೂ..."

"ನಿಮ್ಮದು ದೊಡ್ಡ ಮನಸ್ಸು ಮೇಡಂ," ಎಂದು ಅವನು ಫೋನಿಟ್ಟ.

ಆ ಮೂರು ದಿನ ಅವಳು ಹತ್ತು ಸಲ ಫೋನ್ ಕೈಗೆತ್ತಿಕೊಂಡಳು. ಸುಳ್ಳು ಹೇಳಿದೆ ಎನ್ನಬೇಕು. ಯಾಕೆ ಎಂದರೆ? ಆ ಯಾಕೆಗೆ ಬಂದಾಗಲೆಲ್ಲ ಫೋನು ಮೇಜಿನ ಮೇಲೆ ಮಕಾಡೆ ಮಲಗುತ್ತಿತ್ತು. ಮನೆಯಲ್ಲಿ ಅಕ್ಕ ಹೊಲಿಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದಳು. "ಏನೇ ಅದು, ಮುಖ ಉಪ್ಪಿನಲ್ಲಿ ಹಾಕಿದ ಹಾಗಿದೆ?" "ಏನಿಲ್ಲ," ಎಂದಳು.

ಗುರುವಾರ ಅವನು ಬಂದಾಗ ಬೆಳಿಗ್ಗೆ ಹತ್ತು. ಮೇಲಿನ ಥಿಯೇಟರಿನಲ್ಲಿ ದೊಡ್ಡ ಡಾಕ್ಟ್ರಮ್ಮ ಆಗಲೇ ಕೆಲಸಕ್ಕಿಳಿದಿದ್ದರು. ಅಂದು ಹನ್ನೊಂದು ಆಪರೇಷನ್. ಒಂದೊಂದು ಕಣ್ಣಿನ ಚಿತ್ರವನ್ನೂ ಪರದೆಯ ಮೇಲೆ ನೋಡಿಕೊಂಡೇ ಅವರು ಕತ್ತರಿ ಹಿಡಿಯಬೇಕು. ಆ ಚಿತ್ರಗಳು ಇಲ್ಲಿಂದಲೇ ಹೋಗಬೇಕು. ಯಂತ್ರಗಳನ್ನು ಆರಿಸುವಂತಿರಲಿಲ್ಲ.

ಅವನು "ನಮಸ್ಕಾರ ಮೇಡಂ" ಎಂದನೇ ಹೊರತು ಬೇರೆ ಮಾತಾಡಲಿಲ್ಲ. ಜೇಬು ಖಾಲಿ ಮಾಡಿದ. ಕರೆಂಟ್ ಹೋದಾಗಷ್ಟೇ ಬೇಕಾಗುವ ತಳದ ಬ್ಯಾಟರಿ ಪೆಟ್ಟಿಗೆಯನ್ನು ಇಬ್ಬರೂ ಸೇರಿ ಹೊರಗಿಳಿಸಿದರು. ಮೇಲಿನ ಸರ್ವರನ್ನು ಹಳಿಯ ಮೇಲೆ ಪೂರ್ತಿ ಮುಂದಕ್ಕೆಳೆದು ಅದರ ಫ್ಯಾನುಗಳನ್ನು ಒಂದೊಂದಾಗಿ ನೋಡಿದ. ನಂಬರು ಬರೆದುಕೊಳ್ಳಲು ಮೇಜಿನ ಕಡೆ ತಿರುಗಿದ.

ಅವಳಿಗೆ ಏನಾದರೂ ಮಾಡಬೇಕಿತ್ತು. ಬಾಯಿ ಬಿಡಲಾಗದವಳು ಕೈಯನ್ನಾದರೂ ಆಡಿಸಬೇಕಲ್ಲ. ಅವನಿಗೆ ಕೆಲಸ ಹಗುರಾಗಲಿ ಎಂದು ಕೆಳಗಿನ ಸರ್ವರಿನ ಹಿಡಿಯನ್ನು ಒತ್ತಿ, ಅದನ್ನೂ ಮುಂದಕ್ಕೆಳೆದಳು.

ಎರಡು ಯಂತ್ರ ಒಟ್ಟಿಗೆ ಎಳೆಯಬಾರದೆಂದು ಅವನು ಹತ್ತು ಸಲ ಹೇಳಿದ್ದ. ಅವಳಿಗೆ ನೆನಪಾದದ್ದು ರ‍್ಯಾಕು ನರಳಿದ ಮೇಲೆ. ಬುಡದ ಕಬ್ಬಿಣದ ಕಾಲು ಚಾಚಿರಲಿಲ್ಲ ಎಂಬುದೂ ಆಗಲೇ ನೆನಪಾಯಿತು. ಅವನೂ ಅಂದು ಅದನ್ನು ಗಮನಿಸಿರಲಿಲ್ಲ. ತಿಂಗಳ ಹಿಂದೆ ನೆಲ ಒರೆಸುವ ಫಿನಾಯಿಲಮ್ಮ ಅದಕ್ಕೆ ಎಡವಿ ಮೊಣಕಾಲು ತರಚಿಕೊಂಡಾಗ, ಪಾಪ ಎಂದು ಅವಳೇ ಅದನ್ನು ಒಳಗೆ ತಳ್ಳಿದ್ದಳು.

ಆಳೆತ್ತರದ ಉಕ್ಕು ಮೆಲ್ಲನೆ ಅವಳ ಮೇಲೆ ಬಾಗಿತು.

ಅವಳು ಎರಡೂ ಕೈಯೊಡ್ಡಿ ತಡೆದಳು. ಅವನು ಎರಡೇ ನೆಗೆತಕ್ಕೆ ಬಂದು, ಮೇಲಿನ ಯಂತ್ರದ ಕೆಳಗೆ ಬಲ ಹೆಗಲು ಕೊಟ್ಟ. ರ‍್ಯಾಕು ನಿಂತಿತು. ಹಿಂಭಾಗ ನೆಲದಿಂದ ಎರಡು ಬೆರಳು ಮೇಲೆದ್ದಿತ್ತು.

"ಬಿಡಬೇಡಿ!"

"ಬಿಟ್ಟಿಲ್ಲ!"

"ಹಿಂದಕ್ಕೆ ತಳ್ಳೋಣ. ಒಂದು, ಎರಡು, ಮೂರು..."

ಒಂದು ಬೆರಳಷ್ಟು ಹೋಗಿ, ಮತ್ತೆ ಅಷ್ಟೇ ಬಂತು. ಯಂತ್ರ ಒಳಗೆ ಸರಿಯಬೇಕಾದರೆ ಅದರ ಎರಡೂ ಪಕ್ಕದ ಚಿಲಕ ಒಮ್ಮೆಲೇ ಒತ್ತಬೇಕು, ಅದಕ್ಕೆ ಎರಡು ಕೈ ಬೇಕು. ಅವನು ಕೈ ತೆಗೆದರೆ ಭಾರವೆಲ್ಲ ಅವಳ ಮೇಲೆ. ಅವಳು ತೆಗೆದರೆ ಅವನ ಮೇಲೆ. ಇಬ್ಬರೂ ಹಾರಿ ಪಕ್ಕಕ್ಕಾದರೆ ಜೀವ ಉಳಿಯಬಹುದು. ಆದರೆ ಮೇಲೆ, ಯಾರದೋ ಕಣ್ಣು ತೆರೆದಿರುವ ಹೊತ್ತಿನಲ್ಲಿ, ಪರದೆ ಕಪ್ಪಾಗುತ್ತದೆ.

"ಹಾಗಾದ್ರೆ?" ಎಂದಳು.

"ಯಾರಾದ್ರೂ ಬರೋವರೆಗೆ ಹಿಡ್ಕೊಂಡಿರೋದು."

ಬಾಗಿಲು ಕಾರ್ಡ್ ತೋರಿಸದೆ ತೆರೆಯದು. ಫೋನುಗಳು ಆರು ಹೆಜ್ಜೆ ಆಚೆಯ ಮೇಜಿನ ಮೇಲೆ. ಅವಳದು ಒಮ್ಮೆ ಹೊಡೆದುಕೊಂಡು ಸುಮ್ಮನಾಯಿತು. ಅಕ್ಕನಿರಬೇಕು.

ಹತ್ತು ನಿಮಿಷಕ್ಕೆ ಅವಳ ತೋಳು ನಡುಗತೊಡಗಿತು. ಅವನ ಮುಖ ಅವಳ ಮುಖದಿಂದ ಗೇಣು ದೂರವಿತ್ತು. ಬೆವರು ಅವನ ಗದ್ದದಿಂದ ತೊಟ್ಟಿಕ್ಕಿ ಅವಳ ಸ್ವೆಟರಿನ ತೋಳಿಗೆ ಇಳಿಯುತ್ತಿತ್ತು. ಇನ್ನು ಹೇಳದಿದ್ದರೆ ಎಂದೂ ಹೇಳಲಾರೆ ಎನಿಸಿತು.

"ಆ ಸದ್ದು ಸುಳ್ಳು," ಎಂದಳು.

ಫ್ಯಾನುಗಳ ಭೋರಾಟದಲ್ಲಿ ಅವನಿಗೆ ಕೇಳಿಸಲಿಲ್ಲ. "ಏನು?"

"ಸದ್ದು ಸುಳ್ಳು!"

"ಯಾವ ಹುಳು?"

"ಅಯ್ಯೋ ನಿಮ್ಮ! ಫ್ಯಾನು ಕಿರ್ ಅನ್ನಲಿಲ್ಲ! ಗಿರ್ರೂ ಅನ್ನಲಿಲ್ಲ! ವಾಸನೆಯೂ ಬರಲಿಲ್ಲ! ನೀವು ಬರಲಿ ಅಂತ ಸುಳ್ಳು ಹೇಳಿದೆ!" ಗಂಟಲು ಹರಿಯುವಂತೆ ಕೂಗಿದ ಮೇಲೆ ಅವಳಿಗೆ ಅಳು ನುಗ್ಗಿ ಬಂತು. ಒರೆಸಿಕೊಳ್ಳಲು ಕೈಯಿಲ್ಲ. "ನಿಮ್ಮ ಕೆಲಸಕ್ಕೇ ಕುತ್ತು ತರ್ತೀನಿ ಅಂತ ಗೊತ್ತಿರಲಿಲ್ಲ. ಆ ಕಾಲನ್ನೂ ನಾನೇ ಒಳಗೆ ತಳ್ಳಿದ್ದು."

ಅವನು ಹೆಗಲನ್ನು ಸರಿಮಾಡಿಕೊಂಡ.

"ಸದ್ದು ಸುಳ್ಳು ಅಂತ ನನಗೆ ಗೊತ್ತಿತ್ತು," ಎಂದ.

"ಯಾವಾಗಿಂದ?"

"ಮೊದಲನೇ ಸಲದಿಂದ. ಆ ಫ್ಯಾನು ಕೆಟ್ರೆ ಕಿರ್ ಅನ್ನಲ್ಲ ಮೇಡಂ, ಟಕ ಟಕ ಅನ್ನುತ್ತೆ."

"ಗೊತ್ತಿದ್ದೂ ಯಾಕೆ ಬಂದ್ರಿ?"

"ನೀವು ಕರೆದ್ರಲ್ಲ."

"ಕಂಪನೀಲಿ ಹೇಳಬಹುದಿತ್ತಲ್ಲ, ಸುಳ್ಳು ಕಂಪ್ಲೇಂಟು ಅಂತ!"

"ಹೇಳಿದ್ರೆ ನೀವು ಮತ್ತೆ ಕರೀತಿದ್ರಾ?"

ಅವಳು ಅಳುತ್ತಲೇ ನಕ್ಕಳು. ನಕ್ಕರೆ ತೋಳಿನ ಬಲ ಕಡಿಮೆಯಾಗುತ್ತದೆ. "ನಗಬೇಡಿ, ನಗಬೇಡಿ," ಎಂದು ಅವನು ಗಾಬರಿಯಾದ. ಹಾಗೆ ಗಾಬರಿಯಾದವನ ಮುಖ ಕಂಡು ಅವಳಿಗೆ ಇನ್ನೂ ನಗು.

ಆಗ ಬಾಗಿಲಿನ ಗಾಜಿನ ಕಿಂಡಿಯಲ್ಲಿ ಫಿನಾಯಿಲಮ್ಮನ ಮುಖ ಕಂಡಿತು.

"ಇಲ್ಲಿ! ಇಲ್ಲಿ ನೋಡಿ!" ಇಬ್ಬರೂ ಕೂಗಿದರು. ಗಾಜಿನ ಆಚೆಗೆ ಸದ್ದು ಹೋಗದು. ಫಿನಾಯಿಲಮ್ಮ ಕಂಡದ್ದಿಷ್ಟೇ: ರ‍್ಯಾಕಿನ ಮರೆಯಲ್ಲಿ ಸ್ವೆಟರ್ ಮೇಡಂ, ಮೆಲ್ಲಗೆ ಸಾರ್, ಇಬ್ಬರ ತಲೆಯೂ ಒಂದೇ ಕಡೆ, ಮೇಡಂ ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಆ ಹೆಂಗಸು ತಟ್ಟನೆ ಮುಖ ತಿರುಗಿಸಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ಮತ್ತೆ ಬಂದು, 'ಎಚ್ಚರಿಕೆ, ನೆಲ ಜಾರುತ್ತದೆ' ಎಂಬ ಹಳದಿ ಬೋರ್ಡನ್ನು, ಯಾರೂ ಆ ಕಡೆ ಸುಳಿಯದ ಹಾಗೆ, ಬಾಗಿಲಿಗೆ ಅಡ್ಡ ಇಟ್ಟು ಹೋದಳು.

"ಮುಗೀತು," ಎಂದ ಅವನು.

ಮುಂದಿನ ಅರ್ಧ ಗಂಟೆಯಲ್ಲಿ ಅವರು ಹೆಚ್ಚು ಮಾತಾಡಲಿಲ್ಲ. ಮಾತಿಗೂ ಉಸಿರು ಬೇಕು. ಅವಳ ಕೈ ಜಾರಿದಾಗಲೆಲ್ಲ ಅವನು ಇನ್ನಷ್ಟು ಒಳಗೆ ಸರಿದು ಭಾರ ತನ್ನ ಕಡೆಗೆಳೆದುಕೊಂಡ. "ಬೇಡ, ನಿಮ್ಮ ಹೆಗಲು," ಎಂದರೆ, "ನೀವು ಅರವತ್ತೆರಡು, ನಾನು ಎಂಬತ್ತು. ಲೆಕ್ಕ ಸರಿ ಇದೆ," ಎಂದ. ಒಮ್ಮೆ ಮಾತ್ರ, ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿದ ದನಿಯಲ್ಲಿ ಕೇಳಿದ: "ಈಗಲೂ ನಾನು ಬರಲಿ ಅಂತ ಅನ್ಸುತ್ತಾ?"

"ಬಂದೇ ಇದ್ದೀರಲ್ಲ."

"ಇದಾದ ಮೇಲೆ."

"ಅನ್ಸುತ್ತೆ," ಎಂದು ಅವಳು ಕೂಗಿದಳು. "ನಂಗೇನೂ ಮಾಡೋಕಾಗ್ತಿಲ್ಲ. ದಿನಾ ಅನ್ಸುತ್ತೆ!"

ಊಟದ ಹೊತ್ತಾಯಿತೆಂದು ಕರೆಯಲು ಬಂದ ಫಿನಾಯಿಲಮ್ಮ, ಇಬ್ಬರೂ ಕೂದಲೆಳೆಯಷ್ಟೂ ಕದಲದೆ ಅಲ್ಲೇ ಇದ್ದುದನ್ನು ಕಂಡು, ಎಂಥ ಪ್ರೀತಿಯಾದರೂ ಇಷ್ಟು ಹೊತ್ತು ಹೀಗೆ ನಿಲ್ಲಲಾರದೆಂದು ಅರಿತು, ಬಕೆಟ್ ಎಸೆದು ಓಡಿದಳು. ವಾಚ್‌ಮನ್ ಕಾರ್ಡ್ ತಂದ, ಸ್ಟ್ರೆಚರಿನವರಿಬ್ಬರು ಬಂದರು. ಅವನು ಹೆಗಲು ಕೊಟ್ಟಲ್ಲಿಂದಲೇ ಹೇಳಿಕೊಟ್ಟ. ಅವರಿಬ್ಬರು ರ‍್ಯಾಕು ಹಿಡಿದರು, ಮೇಲಿನ ಯಂತ್ರ ಮೊದಲು ಒಳಹೋಯಿತು, ಆಮೇಲೆ ಕೆಳಗಿನದು, ಕೊನೆಗೆ ಕಬ್ಬಿಣದ ಕಾಲು ಹೊರಬಂತು. ಒಂದು ದೀಪವೂ ಆರಲಿಲ್ಲ. ಮೇಲೆ ಹನ್ನೊಂದನೆಯ ಕಣ್ಣಿಗೆ ಪಟ್ಟಿ ಕಟ್ಟಿ ಆಗಿತ್ತು.

ಅವನ ಬಲಗೈ ಮಾತ್ರ ಇಳಿಬಿದ್ದದ್ದು ಮೇಲೇಳಲಿಲ್ಲ. ಸ್ಟ್ರೆಚರಿನವರು ಅವನನ್ನು ತಮ್ಮ ಗಾಡಿಯ ಮೇಲೆ ಮಲಗಿಸಿ ಬೇರೆ ಆಸ್ಪತ್ರೆಗೆ ಹೊರಡಿಸಿದರು. ಅವಳು ಲಿಫ್ಟಿನ ಬಾಗಿಲವರೆಗೆ ಹೋದಳು. ಬಾಗಿಲು ಮುಚ್ಚಿತು.

ಅವಳು ವಾಪಸು ಬಂದು ಅಪಘಾತದ ಫಾರಂ ತುಂಬಿದಳು. ಮೂರು ದೂರುಗಳೂ ಸುಳ್ಳು ಎಂದು ಬರೆದಳು. ಕಾಲು ಒಳಗೆ ತಳ್ಳಿದವಳು ನಾನು, ಎರಡನೆಯ ಯಂತ್ರ ಎಳೆದವಳು ನಾನು, ಕಂಪನಿಯಿಂದ ಬಂದವರು ರ‍್ಯಾಕು ಬೀಳದಂತೆ ತಡೆದರು. ಕೊನೆಗೆ 'ಕಾರಣ' ಎಂಬ ಕಾಲಂ. ಪೆನ್ನು ಅಲ್ಲಿ ಬಹಳ ಹೊತ್ತು ನಿಂತಿತು. 'ಅವರು ಮತ್ತೆ ಮತ್ತೆ ಬರಲಿ ಎಂಬ ಆಸೆಯಿಂದ' ಎಂದು ಬರೆದಳು.

ದೊಡ್ಡ ಡಾಕ್ಟ್ರಮ್ಮ ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಇಷ್ಟು ವಿವರ ಬೇಕಿತ್ತಾ?"

"ಕಾರಣ ಇಲ್ಲದಿದ್ರೆ ಕಂಪನಿಯವರು ನಂಬಲ್ಲ ಮೇಡಂ. ಅವರ ಕೆಲಸ ಹೋಗುತ್ತೆ."

"ಇದು ಕಂಪನಿಗೆ ಹೋದ್ರೆ ನಾಳೆ ಊರೆಲ್ಲ ಓದುತ್ತೆ. ನಿನ್ನ ಕೆಲಸಾನೂ ಹೋಗಬಹುದು."

"ಗೊತ್ತು ಮೇಡಂ."

ಡಾಕ್ಟ್ರಮ್ಮ ಸಹಿ ಹಾಕಿದರು. "ಕಳಿಸು. ಇವತ್ತು ನನ್ನ ಪರದೆ ಒಂದ್ಸಲಾನೂ ಕಪ್ಪಾಗಲಿಲ್ಲ, ಅದಕ್ಕೆ ನಿನ್ನ ಕೆಲಸ ಇರಲಿ. ಆದ್ರೆ ಆರು ತಿಂಗಳು ನಿನ್ನ ಮೇಲೆ ಕಣ್ಣಿಟ್ಟಿರ್ತೀನಿ. ಕಣ್ಣಿನ ಡಾಕ್ಟ್ರು ಕಣ್ಣಿಟ್ಟರೆ ಗೊತ್ತಲ್ಲ?"

ಎಂಟು ದಿನದ ಮೇಲೆ ಸೂಪರ್‌ವೈಸರ್ ಫೋನ್ ಮಾಡಿದ. ಈ ಸಲ ದನಿಯಲ್ಲಿ ಬೆಣ್ಣೆ ಇರಲಿಲ್ಲ. ಆ ಮನುಷ್ಯನ ಮೇಲೆ ಯಾವ ತಪ್ಪೂ ಇಲ್ಲವೆಂದು ತೀರ್ಮಾನವಾಗಿದೆ. ಆದರೆ ಹೆಗಲಿನ ಸ್ನಾಯು ಹರಿದಿದ್ದರಿಂದ ಇನ್ನು ಭಾರ ಎತ್ತುವಂತಿಲ್ಲ. ನಾಲ್ಕು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ, ಹೊಸಬರಿಗೆ ಕಲಿಸುವ ಕೆಲಸ. ಮತ್ತೆ, "ಕಾರಣದ ಕಾಲಂನಲ್ಲಿ ನೀವು ಬರೆದದ್ದರಿಂದ," ಎಂದು ಗಂಟಲು ಸರಿಮಾಡಿಕೊಂಡು, ಅವನು ನಿಮ್ಮ ಆಸ್ಪತ್ರೆಗೆ ಕಾಲಿಡುವಂತಿಲ್ಲ ಎಂದ.

ಸರಿ ಎಂದಳು. ಇನ್ನೇನೆಂದಾಳು? ಅವನ ಕೈಯನ್ನು ತಾನೇ ಮುರಿದು, ತಾನೇ ಅವನ ದಾರಿ ಮುಚ್ಚಿದ್ದಳು. ಯಂತ್ರಗಳು ನಿಯತ್ತಾಗಿ ಓಡುತ್ತಿದ್ದವು. ಅವನ ನಂಬರು ಫೋನಿನಲ್ಲಿತ್ತು. ಯಾವ ಮುಖ ಹೊತ್ತು ಒತ್ತುವುದು? ಅವನೂ ಮಾಡಲಿಲ್ಲ.

ಭಾನುವಾರ ಅಕ್ಕ ಹೊಲಿಯುತ್ತಿದ್ದ ಲಂಗವನ್ನು ಪಕ್ಕಕ್ಕಿಟ್ಟು, ತಂಗಿಯನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹಿಂಡಿ ತೆಗೆದಳು. ಕೇಳಿ ಮುಗಿಸಿ ಹಣೆ ಚಚ್ಚಿಕೊಂಡಳು.

"ಯಂತ್ರ ಕೆಡದಿದ್ದಾಗ ಮೂರು ಸಲ ಫೋನ್ ಮಾಡಿದ್ಯಲ್ಲೇ. ಈಗ ನೀನು ಪೂರ್ತಿ ಕೆಟ್ಟು ಕೂತಿದ್ದೀಯ. ಈಗ ಮಾಡೋಕೇನು?"

"ಅವರ ಕೈ ಹಾಳು ಮಾಡಿದೀನಿ ಅಕ್ಕ. ಅವರು ಬರದಿದ್ರೆ?"

ಅಕ್ಕ ಅವಳ ಕೈ ಹಿಡಿದುಕೊಂಡಳು. ಆ ಬೆಂಚಿನ ಮೇಲೆ ಸಂಜೆ ಐದರವರೆಗೆ ಅವಳೂ ಕೂತವಳೇ. "ಬರದಿದ್ರೆ ನಾನಿದ್ದೀನಿ," ಎಂದಳು. "ಮಾಡು."

ಮೊದಲ ರಿಂಗಿಗೇ ಅವನು ಎತ್ತಿದ.

"ಮೇಡಂ, ನಾನು ಆ ಸೈಟಿಗೆ ಬರೋ ಹಾಗಿಲ್ಲ."

"ಸೈಟಿಗೆ ಬೇಡ. ಮನೆಗೆ ಬನ್ನಿ." ಆಮೇಲೆ, ಉಸಿರು ತೆಗೆದುಕೊಂಡು, "ಏನೂ ಕೆಟ್ಟಿಲ್ಲ. ಸುಮ್ಮನೆ ಬನ್ನಿ."

ವಿಳಾಸ ಕೇಳಿಕೊಂಡು, ಮಧ್ಯಾಹ್ನ ಎರಡು ಗಂಟೆಗೆ ಅವನು ಬಾಗಿಲಲ್ಲಿದ್ದ. ಬಲಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು, ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ. ಬಟ್ಟೆಯ ತುಂಡುಗಳನ್ನು ಸರಿಸಿ ಅಕ್ಕ ಅವನಿಗೆ ಕುರ್ಚಿಯಲ್ಲಿ ಜಾಗ ಮಾಡಿಕೊಟ್ಟು, ಅಡುಗೆಮನೆಗೆ ಹೋದಳು. ಗೋಡೆಗೆ ಕಿವಿಯಿಟ್ಟಿರುವುದರಲ್ಲಿ ಅನುಮಾನವಿರಲಿಲ್ಲ.

"ನೀವೇ ಯಾಕೆ ಫೋನ್ ಮಾಡಲಿಲ್ಲ?" ಎಂದಳು ಅವಳು.

"ಮಾಡಿ ಏನಂತ ಹೇಳಲಿ? ಇನ್ನು ಒಂದು ಬಿಂದಿಗೆ ನೀರೂ ಎತ್ತಲಾರೆ ಅಂತಲಾ? ಎಡಗೈಯಲ್ಲಿ ಎರಡು ಬೆರಳು ಮಡಚಲ್ಲ, ಬಲಗೈ ಹೀಗೆ. ನಾಳಿದ್ದು ಇನ್ನೊಂದೂರು. ಇಂಥವನು ಬಂದು ಏನು ಕೇಳೋದು ಮೇಡಂ?"

"ನನ್ನ ಹೆಗಲ ಮೇಲೆ ಬೀಳೋದನ್ನ ನೀವು ಹೊತ್ತಿದ್ದಕ್ಕೆ ಹೀಗಾಗಿದ್ದು."

"ಅದಕ್ಕೆ ಕನಿಕರ ಬೇಡ."

"ಕನಿಕರ ಆಗಿದ್ರೆ ಹಣ್ಣು ತಗೊಂಡು ಆಸ್ಪತ್ರೆಗೆ ಬಂದು ನೋಡಿ ಹೋಗ್ತಿದ್ದೆ," ಎಂದಳು ಅವಳು. "ಹತ್ತು ದಿನ ನಿಮ್ಮ ಹತ್ರ ಬರೋಕೆ ಕಾಲೇ ಬರಲಿಲ್ಲ. ಅಷ್ಟು ಇಷ್ಟ ನಂಗೆ ನೀವು."

ಅವನು ತಲೆ ತಗ್ಗಿಸಿದ. ಕಿವಿ ಕೆಂಪಾಗುತ್ತ ಬಂತು.

"ನಂಗೂ," ಎಂದ. "ಕೂತ್ರೂ ನಿಂತ್ರೂ ಅದೇ. ಆದ್ರೆ ನಾಲ್ಕು ಗಂಟೆ ದಾರಿ, ಈ ಕೈ. ಮುಂದೆ ಹೇಗೆ ಅಂತ ನಂಗೇನೂ ತೋಚ್ತಿಲ್ಲ."

"ನಂಗೂ ತೋಚ್ತಿಲ್ಲ."

"ಇಬ್ಬರಿಗೂ ತೋಚದಿದ್ರೆ," ಎಂದು ಅಡುಗೆಮನೆಯಿಂದ ಅಕ್ಕನ ದನಿ ಬಂತು, "ಕೈ ತೊಳ್ಕೊಂಡು ಊಟಕ್ಕೆ ಬನ್ನಿ. ಅನ್ನ ಆರಿಹೋಗ್ತಿದೆ."

ಹಿತ್ತಲ ಬಾಗಿಲ ಪಕ್ಕದಲ್ಲಿ ನಲ್ಲಿ ಇತ್ತು. ಅವನು ಎಡಗೈ ನೀರಿಗೊಡ್ಡಿ, ಒಂದೇ ಕೈಯನ್ನು ತೊಳೆದುಕೊಳ್ಳುವುದು ಹೇಗೆಂದು ತಿಳಿಯದೆ ಹಾಗೇ ನಿಂತ. ಅವಳು ಸೋಪು ತೆಗೆದುಕೊಂಡು, ಅವನ ಕೈಯನ್ನು ತನ್ನ ಎರಡೂ ಕೈಯೊಳಗೆ ಹಿಡಿದು, ಮಡಚದ ಬೆರಳುಗಳ ಸಂದಿಯನ್ನೂ ಬಿಡದೆ ತೊಳೆದಳು. ನೊರೆಯೆಲ್ಲ ಹೋಗಿ ಎಷ್ಟೋ ಹೊತ್ತಾಯಿತು. ಒಳಗಿನಿಂದ ಅಕ್ಕ ಮತ್ತೆರಡು ಸಲ ಕರೆದಳು. ನಲ್ಲಿ ನಿಲ್ಲಿಸಬೇಕೆಂದು ಇಬ್ಬರಿಗೂ ಗೊತ್ತಿತ್ತು.